ಫ್ಲೂ ಲಸಿಕೆ ಕ್ಯಾಂಪನ್ನೇ ತುರ್ತು ಪರಿಸ್ಥಿತಿಯ ತಾಲೀಮು ಮಾಡಿಕೊಳ್ಳುವುದು ಹೇಗೆ? ಹಾಸನದ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ, ಆಲೂರು, ಬೇಲೂರು, ಸಕಲೇಶಪುರ ಕಡೆ ಬಡಾವಣೆ ಸಂಘದವರು, ಕಾಲೇಜಿನವರು, ಎಸ್ಟೇಟಿನವರು ಆಗಾಗ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ನಾನು ವೈದ್ಯನಲ್ಲ. ಪಲ್ಸ್ ಪೋಲಿಯೊ ಬೂತಿನಿಂದ ಕೋವಿಡ್ ಲಸಿಕೆಯವರೆಗೆ ಮೇಜು ಕುರ್ಚಿ ಹೊಂದಿಸಿದವನು, ಸಾಲು ನಿಲ್ಲಿಸಿದವನು, ಬೈಸಿಕೊಂಡವನು. ಔಷಧದ ವಿಷಯದಲ್ಲಿ ನಿಮ್ಮ ವೈದ್ಯರ ಮಾತೇ ಕೊನೆ ಮಾತು. ಸಾಲಿನ ವಿಷಯದಲ್ಲಿ ಮಾತ್ರ ನನ್ನ ಮಾತನ್ನೂ ಸ್ವಲ್ಪ ಕೇಳಿ.

ಫ್ಲೂ ಲಸಿಕೆಗೂ ತುರ್ತು ಪರಿಸ್ಥಿತಿಗೂ ಏನು ಸಂಬಂಧ?

ದಸರಾ ಆನೆಗಳ ತಾಲೀಮು ನೋಡಿದ್ದೀರಲ್ಲ? 750 ಕೆಜಿ ತೂಕದ ಚಿನ್ನದ ಅಂಬಾರಿಯನ್ನು ಜಂಬೂ ಸವಾರಿಯ ದಿನವೇ ಮೊದಲ ಸಲ ಬೆನ್ನಿಗೆ ಕಟ್ಟುವುದಿಲ್ಲ. ಮೊದಲು ಮರಳು ಮೂಟೆ, ಆಮೇಲೆ ಮರದ ಅಂಬಾರಿ. ಕುಶಾಲತೋಪಿನ ಸದ್ದಿಗೆ ಬೆದರಬಾರದು ಅಂತ ಅದಕ್ಕೂ ಬೇರೆ ತಾಲೀಮು ಇರುತ್ತದೆ.

ಫ್ಲೂ ಕ್ಯಾಂಪ್ ಕೂಡ ಹಾಗೇ, ನಮ್ಮ ಮರಳು ಮೂಟೆ. ನಾಳೆ ಹೊಸ ಸಾಂಕ್ರಾಮಿಕ ಬಂದರೆ ಏನು ಮಾಡಬೇಕು? ಕಡಿಮೆ ಸಮಯದಲ್ಲಿ ಬಹಳ ಜನರನ್ನು ಒಂದು ಕಡೆ ಕರೆಯಬೇಕು, ಹೆಸರು ಬರೆದುಕೊಳ್ಳಬೇಕು, ಯಾರಿಗೆ ಕೊಡಬಾರದು ಅಂತ ವಿಚಾರಿಸಬೇಕು, ಔಷಧ ಕೊಡಬೇಕು, ಸ್ವಲ್ಪ ಹೊತ್ತು ಕೂರಿಸಿ ನೋಡಿ ಕಳಿಸಬೇಕು. ಫ್ಲೂ ಲಸಿಕೆ ಹಾಕುವಾಗಲೂ ಇದಷ್ಟನ್ನೂ ಮಾಡುತ್ತೇವೆ. ಸೂಜಿಯ ಬದಲು ಮಾತ್ರೆ ಕೊಡಬೇಕಾದರೂ ಸಾಲು ಇದೇ ಸಾಲು. ತಪ್ಪಾದರೆ ಇವತ್ತು ಅರ್ಧ ಗಂಟೆ ತಡವಾಗುತ್ತದೆ, ಅಷ್ಟೆ. ಅದೇ ತಪ್ಪು ಸಾಂಕ್ರಾಮಿಕದ ನಡುವೆ ಆದರೆ ರೋಗ ಹಿಡಿದವರೂ ಹಿಡಿಯದವರೂ ಒಂದೇ ಹಾಲ್‌ನಲ್ಲಿ ಅರ್ಧ ಗಂಟೆ ಜಾಸ್ತಿ ನಿಂತಿರುತ್ತಾರೆ.

ಬೇರೆ ಕಡೆ ಯಾರಾದರೂ ಹೀಗೆ ಮಾಡುತ್ತಾರಾ?

ಅಮೆರಿಕದಲ್ಲಿ ಬಹಳ ಕೌಂಟಿಗಳ (ನಮ್ಮ ಜಿಲ್ಲೆಗಳಂತೆ) ಆರೋಗ್ಯ ಇಲಾಖೆಗಳು ಮಾಡುತ್ತವೆ. ಅಲ್ಲಿ 2004ರಲ್ಲಿ ಒಂದು ಯೋಜನೆ ಶುರುವಾಯಿತು. ದೊಡ್ಡ ನಗರದಲ್ಲಿ ಜೀವ ತೆಗೆಯುವ ರೋಗಾಣು ಆಂಥ್ರಾಕ್ಸ್‌ನಂಥದ್ದು ಹರಡಿದರೆ 48 ಗಂಟೆಯೊಳಗೆ ಎಲ್ಲರ ಕೈಗೂ ಔಷಧ ಮುಟ್ಟಬೇಕು ಅನ್ನುವುದು ಅದರ ಗುರಿ. ಸುಮ್ನೆ ಕಾಗದದ ಮೇಲೆ ಲೆಕ್ಕ ಹಾಕಿದರೆ ಸಾಲದು ಅಂತ ಗೊತ್ತಾಗಿ, ಹೇಗೂ ಪ್ರತಿ ವರ್ಷ ನಡೆಯುವ ಫ್ಲೂ ಲಸಿಕೆಯನ್ನೇ ಪರೀಕ್ಷೆ ಮಾಡಿಕೊಂಡರು. ಕಾರಿನಿಂದ ಇಳಿಯದೆಯೇ ಲಸಿಕೆ ಹಾಕಿಸಿಕೊಳ್ಳುವ ಪದ್ಧತಿಯನ್ನೂ ಹೀಗೆಯೇ ಪರೀಕ್ಷಿಸಿ ನೋಡಿದರು. ಇನ್ನೂ ಹಿಂದೆ, 1947ರಲ್ಲಿ, ಸಿಡುಬು ಕಾಣಿಸಿದಾಗ ನ್ಯೂಯಾರ್ಕ್ ನಗರದಲ್ಲಿ ಒಂದು ತಿಂಗಳೊಳಗೆ 60 ಲಕ್ಷಕ್ಕೂ ಹೆಚ್ಚು ಜನರಿಗೆ ಲಸಿಕೆ ಹಾಕಿದ್ದರು.

ನಮ್ಮಲ್ಲೂ ಆಗಿದೆ. ಕೋವಿಡ್ ಲಸಿಕೆ ಶುರುವಾದದ್ದು 2021ರ ಜನವರಿ 16ಕ್ಕೆ. ಅದಕ್ಕೂ ಮುಂಚೆ ಜನವರಿ 2 ಮತ್ತು 8ರಂದು ದೇಶದಲ್ಲೆಲ್ಲ ಡ್ರೈ ರನ್ ನಡೆಯಿತು. ಕಾಯುವ ಕೋಣೆ, ಲಸಿಕೆ ಕೋಣೆ, ನಿಗಾ ಕೋಣೆ ಅಂತ ಮೂರು ಕೋಣೆ ಮಾಡಿ, ಆರೋಗ್ಯ ಸಿಬ್ಬಂದಿಯನ್ನೇ ಫಲಾನುಭವಿಗಳು ಅಂತ ಕೂರಿಸಿ ನಡೆಸಿದರು. ಒಳ್ಳೆಯದೇ. ಆದರೆ ಅಲ್ಲಿ ಸೂಜಿ ಇರಲಿಲ್ಲ, ಬಂದವರೆಲ್ಲ ಇಲಾಖೆಯವರು. ಕಿವಿ ಕೇಳದ ಅಜ್ಜ ಇರಲಿಲ್ಲ, ಚಿರಚಿರ ಅಳುವ ಮಗು ಇರಲಿಲ್ಲ, "ನಾನು ಫಸ್ಟ್ ಬಂದಿದ್ದು" ಅಂತ ಜಗಳ ತೆಗೆಯುವವರು ಇರಲಿಲ್ಲ. ಫ್ಲೂ ಕ್ಯಾಂಪಿಗೆ ಇವರೆಲ್ಲ ಬರುತ್ತಾರೆ. ನಿಜವಾದ ತಾಲೀಮು ಅವರಿಂದಲೇ ಆಗುವುದು.

ಹಾಸನದಂಥ ಊರಿಗೆ ಇದೆಲ್ಲ ಬೇಕಾ?

2023ರ ಮಾರ್ಚ್ ನೆನಪಿಸಿಕೊಳ್ಳಿ. ರಾಜ್ಯದಲ್ಲಿ ಎಚ್3ಎನ್2 ಫ್ಲೂನಿಂದ ಆದ ಮೊದಲ ಸಾವು ಅಂತ ವರದಿಯಾದದ್ದು ನಮ್ಮ ಜಿಲ್ಲೆಯದೇ. ಮೃತಪಟ್ಟವರು 80 ದಾಟಿದ ಹಿರಿಯರು. ಹಂದಿ ಜ್ವರ ಅನ್ನುವ ಎಚ್1ಎನ್1 ಫ್ಲೂ 2009ರಿಂದ ಬಂದು ಹೋಗಿ ಮಾಡುತ್ತಲೇ ಇದೆ. ಪಕ್ಕದ ಶಿವಮೊಗ್ಗದಲ್ಲಿ 1957ರಿಂದ ಮಂಗನ ಕಾಯಿಲೆ ಇದೆ. ಚಿಕ್ಕಮಗಳೂರಿನ ಕೊಪ್ಪ, ಎನ್.ಆರ್. ಪುರ, ಶೃಂಗೇರಿ ಕಡೆಯೂ ಕಾಣಿಸಿಕೊಂಡಿದೆ. ಕಾಡು ಜಿಲ್ಲೆಯ ಗಡಿ ನೋಡಿ ನಿಲ್ಲುವುದಿಲ್ಲ.

ಇನ್ನೊಂದು ವಿಷಯ. 2025ರ ಜೂನ್, ಜುಲೈನಲ್ಲಿ ನಮ್ಮ ಜಿಲ್ಲೆಯ ಹೃದಯಾಘಾತದ ಸುದ್ದಿ ಟಿವಿಯಲ್ಲಿ ದಿನವಿಡೀ ಓಡಿತು. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ತಪಾಸಣೆಗೆ ಬೆಳಗಾಗುವ ಮೊದಲೇ ಜನ ಸೇರಿದರು. ಹೊಸ ವೈರಸ್ ಯಾವುದೂ ಬಂದಿರಲಿಲ್ಲ. ಭಯವೊಂದೇ ಅಷ್ಟು ಜನರನ್ನು ಸಾಲಿಗೆ ತಂದು ನಿಲ್ಲಿಸಿತ್ತು.

ಹಾಗಂತ ಸಾಲು ನಿಭಾಯಿಸೋದು ಹಾಸನಕ್ಕೆ ಹೊಸದೂ ಅಲ್ಲ. ಹಾಸನಾಂಬೆಯ ಬಾಗಿಲು ವರ್ಷಕ್ಕೊಮ್ಮೆ ಕೆಲವೇ ದಿನ ತೆರೆಯುತ್ತದೆ, ಲಕ್ಷಗಟ್ಟಲೆ ಜನ ಬರುತ್ತಾರೆ. ಧರ್ಮ ದರ್ಶನದ ಸಾಲು ಬೇರೆ, ಟಿಕೆಟ್ ಸಾಲು ಬೇರೆ, ಬ್ಯಾರಿಕೇಡ್, ಕುಡಿಯುವ ನೀರು, ಮೈಕ್. ಅಲ್ಲಿ ದುಡಿದ ಸ್ವಯಂಸೇವಕರು ನಿಮ್ಮ ಬೀದಿಯಲ್ಲೇ ಇರುತ್ತಾರೆ. ಅವರನ್ನು ಕರೆಯಿರಿ. ಡಿಗ್ರಿ ಇರುವವರಿಗಿಂತ ಅವರು ಉಪಯೋಗಕ್ಕೆ ಬರುತ್ತಾರೆ, ಕನಿಷ್ಠ ಬಾಗಿಲ ಹತ್ತಿರ.

ಯಾವ ತಿಂಗಳಲ್ಲಿ ಮಾಡಬೇಕು?

ನಮ್ಮ ಕಡೆ ಫ್ಲೂ ಜಾಸ್ತಿಯಾಗುವುದು ಮಳೆಗಾಲದಲ್ಲಿ. ಚಳಿಗಾಲ ಮುಗಿಯುವ ಹೊತ್ತಿಗೆ ಇನ್ನೊಂದು ಸುತ್ತು. ಹಾಕಿಸಿಕೊಂಡ ಮೇಲೆ ಲಸಿಕೆ ಮೈಯಲ್ಲಿ ಕೆಲಸ ಶುರು ಮಾಡಲು ಸುಮಾರು 2 ವಾರ ಬೇಕು. ಹಾಗಾಗಿ ಏಪ್ರಿಲ್ ಕೊನೆ ಅಥವಾ ಮೇ ಒಳ್ಳೆಯದು. ವೈರಸ್ ವರ್ಷ ವರ್ಷವೂ ರೂಪ ಬದಲಿಸುವುದರಿಂದ ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆರಡು ಸಲ, ಫೆಬ್ರುವರಿ ಮತ್ತು ಸೆಪ್ಟೆಂಬರ್‌ನಲ್ಲಿ, ಲಸಿಕೆಯಲ್ಲಿ ಯಾವ ತಳಿ ಇರಬೇಕು ಅಂತ ಹೇಳುತ್ತದೆ. ಕಳೆದ ವರ್ಷ ಉಳಿದ ಡೋಸ್ ಯಾರಾದರೂ ಅಗ್ಗಕ್ಕೆ ಕೊಡುತ್ತೇನೆ ಅಂದರೆ ಬೇಡ ಅನ್ನಿ.

ದುಡ್ಡು?

ಇದು ನಿಜವಾದ ತೊಡಕು. ಸರ್ಕಾರ ಮಕ್ಕಳಿಗೆ ಉಚಿತವಾಗಿ ಹಾಕುವ ಲಸಿಕೆಗಳ ಪಟ್ಟಿಯಲ್ಲಿ ಫ್ಲೂ ಲಸಿಕೆ ಇಲ್ಲ. ಹೊರಗೆ ಒಂದು ಡೋಸಿಗೆ ಸಾವಿರ ರೂಪಾಯಿ ದಾಟುತ್ತದೆ. ಹಾಗಾಗಿ ಊರಿಗೆಲ್ಲ ಹಾಕುತ್ತೇವೆ ಅಂತ ಹೊರಡಬೇಡಿ. 65 ದಾಟಿದವರು, ಗರ್ಭಿಣಿಯರು, ಸಕ್ಕರೆ ಕಾಯಿಲೆ, ಉಬ್ಬಸ, ಹೃದಯದ ತೊಂದರೆ ಇರುವವರು, ಆಸ್ಪತ್ರೆಯಲ್ಲಿ ದುಡಿಯುವವರು ಮೊದಲು. ತಾಲೀಮಿಗೆ 100 ಜನ ಬಂದರೂ ಸಾಕು. ಆ 100 ಜನ ಒಂದೇ ಗಂಟೆಯಲ್ಲಿ ಬಂದರೆ ಇನ್ನೂ ಒಳ್ಳೆಯದು.

ಎಷ್ಟು ಮೇಜು, ಎಷ್ಟು ಕುರ್ಚಿ ಬೇಕು?

ಎಲ್ಲರೂ ಮೊದಲು "ಎಷ್ಟು ಜನ ನರ್ಸ್ ಬೇಕು" ಅಂತ ಕೇಳುತ್ತಾರೆ. ಸಾಲು ನಿಲ್ಲುವುದು ನರ್ಸ್ ಹತ್ತಿರ ಅಲ್ಲವೇ ಅಲ್ಲ, ಹೆಸರು ಬರೆಯುವ ಕಡೆ. ಒಂದು ಲೆಕ್ಕ ಹಾಕೋಣ.

ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರವರೆಗೆ 300 ಜನ ಅಂದುಕೊಳ್ಳಿ. ಗಂಟೆಗೆ 75. ಹೆಸರು, ವಯಸ್ಸು, ಫೋನ್, ಹಳೆಯ ಕಾಯಿಲೆ, ಅಲರ್ಜಿ ಕೇಳಿ ಸಹಿ ಹಾಕಿಸಲು ಒಬ್ಬರಿಗೆ 4 ನಿಮಿಷ ಹಿಡಿದರೆ ಒಂದು ಮೇಜಿನಿಂದ ಗಂಟೆಗೆ 15 ಜನ. ಅಂದರೆ 5 ಮೇಜು ಬೇಕು. ಲಸಿಕೆಗೆ 2 ನಿಮಿಷ ಹಿಡಿದರೆ ಒಬ್ಬ ಸಿಸ್ಟರ್‌ಗೆ ಗಂಟೆಗೆ 30 ಜನ. 3 ಜನ ಸಿಸ್ಟರ್ ಇದ್ದರೆ ಸಾಕು. ಆಮೇಲೆ 15 ನಿಮಿಷ ಕೂರಿಸಬೇಕಲ್ಲ? ಗಂಟೆಗೆ 75 ಅಂದರೆ ಯಾವಾಗ ನೋಡಿದರೂ 19 ಜನ ಕುಳಿತಿರುತ್ತಾರೆ. ವೈದ್ಯರು ಅರ್ಧ ಗಂಟೆ ಬೇಕು ಅಂದರೆ 38. ಅಜ್ಜಿಯ ಜೊತೆ ಮಗಳು, ಮೊಮ್ಮಗ ಬಂದಿರುತ್ತಾರೆ, ಅವರಿಗೂ ಕುರ್ಚಿ ಬೇಕು.

ಈ 4 ನಿಮಿಷ, 2 ನಿಮಿಷ ನಾನು ಉದಾಹರಣೆಗೆ ಹಾಕಿದ್ದು. ನಿಮ್ಮ ಅಂಕಿ ನೀವೇ ಕಂಡುಕೊಳ್ಳಬೇಕು, ಕ್ಯಾಂಪ್ ಮಾಡುವುದೇ ಅದಕ್ಕೆ. ಬಾಗಿಲಲ್ಲಿ ಒಬ್ಬ ಹುಡುಗ ಪ್ರತಿ ಹತ್ತನೇ ವ್ಯಕ್ತಿಗೆ ಒಂದು ಚೀಟಿ ಕೊಡಲಿ. ಪ್ರತಿ ಮೇಜಿನವರೂ ಚೀಟಿಯ ಮೇಲೆ ಗಂಟೆ, ನಿಮಿಷ ಬರೆಯಲಿ. ಹೊರಗೆ ಹೋಗುವಾಗ ಚೀಟಿ ವಾಪಸ್ ತೆಗೆದುಕೊಳ್ಳಿ. ಸಂಜೆ ಆ ಚೀಟಿಗಳನ್ನು ಹರಡಿಕೊಂಡು ಕುಳಿತರೆ ಜನ ಎಲ್ಲಿ ನಿಂತುಬಿಟ್ಟರು ಅಂತ ತಾನಾಗೇ ಕಾಣುತ್ತದೆ. ಸಾಫ್ಟ್‌ವೇರ್ ಏನೂ ಬೇಡ.

ನಮಗೆ ಒಂದು ಸಲ ಕಂಡದ್ದು ಏನು ಗೊತ್ತಾ? ಸ್ವೆಟರ್! ಬೆಳಗಿನ ಚಳಿಗೆ ಎಲ್ಲರೂ ತುಂಬು ತೋಳಿನವರು. ಸಿಸ್ಟರ್ ಸೂಜಿ ಹಿಡಿದು ಕಾಯುತ್ತಾರೆ, ಇವರು ಸ್ವೆಟರ್ ಬಿಚ್ಚುತ್ತಾರೆ, ಒಳಗೆ ಫುಲ್ ಶರ್ಟ್. ಸೂಜಿಗಿಂತ ತೋಳು ಮಡಚುವುದಕ್ಕೇ ಜಾಸ್ತಿ ಹೊತ್ತು. ಆಮೇಲಿಂದ ಸಾಲಿನಲ್ಲಿರುವಾಗಲೇ ತೋಳು ಸಡಿಲ ಮಾಡಿಸುತ್ತೇವೆ. ಹೆಂಗಸರಿಗೆ ಪರದೆ ಕಟ್ಟಿದ ಜಾಗ ಬೇರೆ ಇರಲೇಬೇಕು. ಇಲ್ಲದಿದ್ದರೆ ಬಂದವರು ಹಾಗೇ ವಾಪಸ್ ಹೋಗುತ್ತಾರೆ, ಯಾಕೆ ಅಂತ ಹೇಳುವುದೂ ಇಲ್ಲ.

ಇನ್ನೊಂದು, ಕನ್ನಡಕ. ಫಾರಂ ಕೊಟ್ಟರೆ ಅರ್ಧ ಜನ ಹಿರಿಯರು "ಕನ್ನಡಕ ತಂದಿಲ್ಲ ಕಣಪ್ಪ" ಅಂದರು. ಈಗ ಕಾಲೇಜು ಹುಡುಗಿಯೊಬ್ಬಳನ್ನು ಓದಿ ಹೇಳುವುದಕ್ಕೇ ನಿಲ್ಲಿಸುತ್ತೇವೆ.

ಜಾಗ ಎಂಥದ್ದಿರಬೇಕು?

ಎರಡು ಬಾಗಿಲು. ಬರುವ ಬಾಗಿಲು ಒಂದು, ಹೋಗುವ ಬಾಗಿಲು ಒಂದು. ಬೇರೆಲ್ಲ ಆಮೇಲೆ. ಶಾಮಿಯಾನ ನಂಬಬೇಡಿ, ಮೇ ತಿಂಗಳ ಮಳೆ ಹೇಳಿ ಕೇಳಿ ಬರುವುದಿಲ್ಲ. ಸಮುದಾಯ ಭವನ ಅಥವಾ ಶಾಲೆ ಸರಿ. ನೆಲಮಹಡಿ ಇರಲಿ, ಗಾಲಿಕುರ್ಚಿ ಹೋಗುವಂತಿರಲಿ, ಆಂಬುಲೆನ್ಸ್ ಬಾಗಿಲವರೆಗೆ ಬರುವಂತಿರಲಿ. ಪ್ಲಾನ್ ಕಾಗದದಲ್ಲಿ ದಾರಿ ಅಗಲ ಇರುತ್ತದೆ, ಆದರೆ ಅವತ್ತು ಅಲ್ಲಿ 40 ಬೈಕ್ ನಿಂತಿರುತ್ತವೆ.

ಕಾಫಿ ಎಸ್ಟೇಟಿನಲ್ಲಿ ಮಾಡಬಹುದಾ?

ಮಾಡಬಹುದು, ಮಾಡಲೇಬೇಕು ಕೂಡ. ಕೆಲಸದವರು ಇರುವ ಲೈನ್ ಮನೆಗಳಲ್ಲಿ ಒಂದೇ ಗೋಡೆಗೆ ಎರಡು ಮನೆ. ಒಬ್ಬರಿಗೆ ಜ್ವರ ಬಂದರೆ ಸಾಲಿಗೇ ಬರುತ್ತದೆ. ಅಲ್ಲಿ ತಾಲೀಮು ಪೇಟೆಗಿಂತ ಕಷ್ಟ, ಹಾಗಾಗಿ ಕಲಿಯುವುದೂ ಜಾಸ್ತಿ.

ಅಸ್ಸಾಂ ಕಡೆಯವರು, ಹಿಂದಿಯವರು, ತಮಿಳಿನವರು ಇರುತ್ತಾರೆ. ಕನ್ನಡ ಬೋರ್ಡ್ ಒಂದೇ ಸಾಲದು. ಚಿತ್ರ ಬರೆದು ಅಂಟಿಸಿ, ಅವರಲ್ಲೇ ಒಬ್ಬರನ್ನು ಮಾತು ದಾಟಿಸುವುದಕ್ಕೆ ಇಟ್ಟುಕೊಳ್ಳಿ. ಮೇಸ್ತ್ರಿಯನ್ನು ಇಡಬೇಡಿ. ಮೇಸ್ತ್ರಿ ಎದುರಿಗೆ ಯಾರೂ "ಬೇಡ" ಅನ್ನುವುದಿಲ್ಲ. ಲಸಿಕೆ ಬೇಡ ಅನ್ನುವ ಹಕ್ಕು ಅವರಿಗೂ ಇದೆ.

ನೆಟ್‌ವರ್ಕ್ ಇರುವುದಿಲ್ಲ, ಪುಸ್ತಕದಲ್ಲೇ ಬರೆಯಬೇಕು. ಇನ್ನು ಆನೆ. ಸಕಲೇಶಪುರ, ಆಲೂರು, ಬೇಲೂರು ಕಡೆಯವರಿಗೆ ನಾನು ಹೇಳಬೇಕಾದ್ದೇ ಇಲ್ಲ. ಬೆಳಿಗ್ಗೆ ಬೇಗ, ಸಂಜೆ ತಡವಾಗಿ ಕ್ಯಾಂಪ್ ಇಡಬೇಡಿ. ಆನೆ ಎಲ್ಲಿದೆ ಅಂತ ಅರಣ್ಯ ಇಲಾಖೆಯವರು ಕಳಿಸುವ ಮೆಸೇಜ್ ನೋಡಿಯೇ ಗಾಡಿ ಹೊರಡಿಸಿ. ಲಸಿಕೆ ಪೆಟ್ಟಿಗೆ ಹೋಗಲು ಎರಡನೇ ದಾರಿ ಯಾವುದು ಅಂತ ಮೊದಲೇ ಬರೆದಿಟ್ಟುಕೊಳ್ಳಿ. ಶಿರಾಡಿಯಲ್ಲಿ ಗುಡ್ಡ ಕುಸಿದಾಗಲೂ ಬೇಕಾಗುವುದು ಇದೇ ಎರಡನೇ ದಾರಿ.

ಲಸಿಕೆ ಕೆಡದಂತೆ ಇಡುವುದು ಹೇಗೆ?

2ರಿಂದ 8 ಡಿಗ್ರಿ ಸೆಲ್ಸಿಯಸ್. ಬಿಸಿಗಿಂತ ಜನ ಮರೆಯುವುದು ಹೆಪ್ಪುಗಟ್ಟುವ ಅಪಾಯವನ್ನು. ಫ್ಲೂ ಲಸಿಕೆ ಒಮ್ಮೆ ಹೆಪ್ಪುಗಟ್ಟಿದರೆ ಎಸೆಯಬೇಕು, ಕರಗಿಸಿ ಕೊಡುವಂತಿಲ್ಲ. ಫ್ರೀಜರ್‌ನಿಂದ ತೆಗೆದ ಐಸ್ ಪ್ಯಾಕನ್ನು ಹಾಗೇ ಲಸಿಕೆ ಒಯ್ಯುವ ಕ್ಯಾರಿಯರ್‌ಗೆ ಹಾಕಬೇಡಿ. ಹೊರಗಿಟ್ಟು ಅದು ಬೆವರಲಿ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ನೀರಿನ ಸದ್ದು ಕೇಳಬೇಕು. ಆಮೇಲೆ ಹಾಕಿ. ಪಲ್ಸ್ ಪೋಲಿಯೊ ಕಾಲದ ಸಿಸ್ಟರ್‌ಗಳಿಗೆ ಇದು ಚೆನ್ನಾಗಿ ಗೊತ್ತು.

ಮನೆ ಫ್ರಿಜ್ಜಿನಲ್ಲಿ ಇಡಬಹುದಾ ಅಂತ ಕೇಳುವವರಿಗೆ: ಬೇಡ.

ಖಾಸಗಿಯಾಗಿ ಸಿಗುವ ಫ್ಲೂ ಲಸಿಕೆ ಹೆಚ್ಚಾಗಿ ತುಂಬಿಸಿಟ್ಟ ಸಿರಿಂಜ್ ರೂಪದಲ್ಲಿ ಬರುತ್ತದೆ. ಡಬ್ಬ ದೊಡ್ಡದು, ಜಾಗ ಜಾಸ್ತಿ ಬೇಕು. 300 ಡೋಸ್ ತರಿಸುವ ಮೊದಲು ಎಲ್ಲಿ ಇಡುತ್ತೀರಿ ಅಂತ ಅಳತೆ ಮಾಡಿಕೊಳ್ಳಿ.

ತಾಲೀಮು ಅಂದರೆ ಬೇಕಂತಲೇ ತೊಂದರೆ ಕೊಡುವುದಾ?

ಹೌದು, ಅಳತೆ ಮೀರದಂತೆ. ಒಬ್ಬರಿಗೆ ಇದೇ ಕೆಲಸ ಕೊಡಿ. ಅವರ ಜೇಬಿನಲ್ಲಿ ನಾಲ್ಕೈದು ಚೀಟಿ ಇರಲಿ. "ಕರೆಂಟ್ ಹೋಯಿತು." "ಎರಡನೇ ಮೇಜಿನವರಿಗೆ ಮನೆಯಿಂದ ಫೋನ್, ಹೊರಟರು." "50 ಜನ ಒಂದೇ ಬಸ್ಸಿನಲ್ಲಿ ಬಂದಿಳಿದರು." ಚೀಟಿ ಕೈಗೆ ಬಂದ ಕ್ಷಣದಿಂದ ಎಷ್ಟು ಹೊತ್ತಿಗೆ ಸರಿಯಾಯಿತು ಅಂತ ಬರೆದುಕೊಳ್ಳಿ.

ಸೂಜಿ ಹಾಕುವ ಮೇಜಿನ ಹತ್ತಿರ ಮಾತ್ರ ಈ ಆಟ ಬೇಡ. ಅಲ್ಲಿ ನಿಜವಾದ ಮೈ ಇದೆ, ನಿಜವಾದ ಔಷಧ ಇದೆ. ಯಾರಾದರೂ "ನಿಲ್ಲಿಸಿ" ಅಂದರೆ ತಾಲೀಮು ಅಲ್ಲಿಗೇ ನಿಲ್ಲಬೇಕು. ಬಂದ ಜನರಿಗೂ ಬಾಗಿಲಲ್ಲೇ ತಿಳಿಸಿ. ಇಲ್ಲದಿದ್ದರೆ "ಸೋಂಕು ಬಂದಿದೆಯಂತೆ" ಅಂತ ಮಧ್ಯಾಹ್ನದೊಳಗೆ ವಾಟ್ಸಾಪ್‌ನಲ್ಲಿ ಹೊಳೆನರಸೀಪುರ ತಲುಪಿರುತ್ತದೆ.

ಯಾರಾದರೂ ಕುಸಿದು ಬಿದ್ದರೆ?

ಹೆಚ್ಚಿನ ಸಲ ಅದು ಭಯಕ್ಕೆ ಬರುವ ತಲೆಸುತ್ತು. ಮುಖ ಬಿಳುಪಾಗುತ್ತದೆ, ಬೆವರುತ್ತಾರೆ, ಮಲಗಿಸಿ ಕಾಲು ಎತ್ತಿದರೆ ಚೇತರಿಸಿಕೊಳ್ಳುತ್ತಾರೆ. ಗಟ್ಟಿಮುಟ್ಟಾದ ಹುಡುಗರೇ ಜಾಸ್ತಿ ಬೀಳುವುದು, ಯಾಕೋ. ಹಾಗಾಗಿ ಕೂರಿಸಿಯೇ ಲಸಿಕೆ.

ಮೈಮೇಲೆ ದದ್ದು, ತುಟಿ ಮುಖ ಊತ, ಉಸಿರಾಡಲು ಕಷ್ಟ, ನಾಡಿ ಜೋರು ಅಂದರೆ ಅದು ಬೇರೆ ಮಾತು. ಅದು ತೀವ್ರ ಅಲರ್ಜಿ. ಬಹಳ ಅಪರೂಪ, ಆದರೆ ನಿಮಿಷಗಳ ಲೆಕ್ಕ. ವೈದ್ಯರು ತಕ್ಷಣ ತೊಡೆಯ ಸ್ನಾಯುವಿಗೆ ಅಡ್ರಿನಲಿನ್ ಕೊಡಬೇಕು, 108ಕ್ಕೆ ಕರೆ ಹೋಗಬೇಕು. ವೈದ್ಯರಿಲ್ಲದೆ, ಅಡ್ರಿನಲಿನ್ ಇರುವ ಕಿಟ್ ಇಲ್ಲದೆ ಕ್ಯಾಂಪ್ ಮಾಡಲೇಬೇಡಿ. ಬೆಳಿಗ್ಗೆ ಬಾಗಿಲು ತೆರೆಯುವ ಮೊದಲು ಒಮ್ಮೆ ನಾಟಕ ಆಡಿ ನೋಡಿ: ಕಿಟ್ ಎಲ್ಲಿದೆ, ಯಾರು ಓಡಿ ತರುತ್ತಾರೆ, ಯಾರು ಫೋನ್ ಮಾಡುತ್ತಾರೆ, ಯಾರು ಜನರನ್ನು ಸರಿಸುತ್ತಾರೆ. ನಾನಿದ್ದ ಒಂದು ಕ್ಯಾಂಪಿನಲ್ಲಿ ಕಿಟ್ ಬೀರುವಿನಲ್ಲಿತ್ತು. ಬೀರುವಿನ ಬೀಗದ ಕೈ ತಿಂಡಿಗೆ ಹೋದವರ ಜೇಬಿನಲ್ಲಿತ್ತು. ಪುಣ್ಯಕ್ಕೆ ಅದು ನಾಟಕದ ಹೊತ್ತಿನಲ್ಲೇ ಗೊತ್ತಾಯಿತು.

ಲಸಿಕೆಯಿಂದಲೇ ಹೃದಯಾಘಾತ ಆಗುತ್ತದಂತೆ, ಹೌದಾ?

ಹಾಸನದಲ್ಲಿ ಈ ಪ್ರಶ್ನೆ ಬಾರದ ಕ್ಯಾಂಪ್ ಇಲ್ಲ. ಕೇಳಿದವರನ್ನು ಗದರಬೇಡಿ. 2025ರಲ್ಲಿ ಜನ ಕೇಳಿದ್ದು ಕೋವಿಡ್ ಲಸಿಕೆ ಬಗ್ಗೆ. ಕೇಂದ್ರ ಆರೋಗ್ಯ ಸಚಿವಾಲಯ ಆ ಜುಲೈನಲ್ಲಿ ಐಸಿಎಂಆರ್ ಮತ್ತು ಏಮ್ಸ್ ಅಧ್ಯಯನಗಳನ್ನು ಮುಂದಿಟ್ಟು, ಹಠಾತ್ ಸಾವುಗಳಿಗೂ ಲಸಿಕೆಗೂ ನೇರ ಸಂಬಂಧ ಕಂಡಿಲ್ಲ ಎಂದಿತು. ಫ್ಲೂ ಲಸಿಕೆ ಬೇರೆಯದೇ ಲಸಿಕೆ, ದಶಕಗಳಿಂದ ಬಳಕೆಯಲ್ಲಿದೆ.

ಫ್ಲೂ ಜ್ವರಕ್ಕೂ ಹೃದಯಕ್ಕೂ ಮಾತ್ರ ಸಂಬಂಧ ಇದೆ. ಕೆನಡಾದ ಒಂಟಾರಿಯೊದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಫ್ಲೂ ಖಚಿತವಾದ ಮೊದಲ 7 ದಿನಗಳಲ್ಲಿ ಹೃದಯಾಘಾತದ ಸಂಭವ ಸುಮಾರು 6 ಪಟ್ಟು ಹೆಚ್ಚಾಗಿತ್ತು. ಹೃದಯದ ತೊಂದರೆ ಇರುವವರು ಲಸಿಕೆಗೆ ಹೆದರುವುದಕ್ಕಿಂತ ಫ್ಲೂಗೆ ಹೆದರುವುದು ಲೇಸು ಅಂತ ನನಗನ್ನಿಸುತ್ತದೆ.

ತಾಲೀಮಿನಲ್ಲಿ ಇದಕ್ಕೂ ಒಬ್ಬರು ಬೇಕು. ಉತ್ತರ ಹೇಳುವುದೇ ಅವರ ಕೆಲಸ. ಐದು ಜನ ಐದು ಥರ ಹೇಳಿದರೆ ಆರನೆಯದು ಜನರೇ ಕಟ್ಟುತ್ತಾರೆ.

ಯಾರ ಅನುಮತಿ ಬೇಕು? ಯಜಮಾನಿಕೆ ಯಾರದು?

ಮೊದಲು ತಾಲ್ಲೂಕು ಆರೋಗ್ಯಾಧಿಕಾರಿ ಕಚೇರಿಗೆ ಹೋಗಿ ಮಾತಾಡಿ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾ ಪ್ರಾಧಿಕಾರದ ಅಧ್ಯಕ್ಷರು ಜಿಲ್ಲಾಧಿಕಾರಿ. ನಿಜವಾದ ತುರ್ತಿನಲ್ಲಿ ಅವರು, ಜಿಲ್ಲಾ ಆರೋಗ್ಯಾಧಿಕಾರಿ ಹೇಳಿದಂತೆ ನಡೆಯಬೇಕು. ಸಂಘದವರು ಬೇರೆ ಅಂಗಡಿ ತೆರೆಯುವಂತಿಲ್ಲ. ಇವತ್ತೇ ಪರಿಚಯ ಮಾಡಿಕೊಂಡರೆ ಅವತ್ತು ಫೋನ್ ಎತ್ತುತ್ತಾರೆ. ಯುದ್ಧಕಾಲೇ ಶಸ್ತ್ರಾಭ್ಯಾಸ ಅಂತ ನಗುತ್ತೇವಲ್ಲ, ನಮ್ಮಲ್ಲಿ ಯುದ್ಧಕಾಲಕ್ಕೆ ಫೋನ್ ನಂಬರ್ ಹುಡುಕುವುದೇ ಜಾಸ್ತಿ.

ಕ್ಯಾಂಪಿನ ಒಳಗೆ ಯಜಮಾನರು ಒಬ್ಬರೇ. ಅವರು ಯಾವ ಮೇಜಿನಲ್ಲೂ ಕೂರಬಾರದು, ಓಡಾಡುತ್ತಿರಬೇಕು. ಅಧ್ಯಕ್ಷರನ್ನೇ ಮಾಡಬೇಕು ಅಂತೇನಿಲ್ಲ. ಅಧ್ಯಕ್ಷರಿಗೆ ಫೋಟೊ ಕೆಲಸ ಇರುತ್ತದೆ.

ಆಧಾರ್ ಜೆರಾಕ್ಸ್ ತೆಗೆದುಕೊಳ್ಳಬೇಕಾ?

ಏಕೆ? ಹೆಸರು, ವಯಸ್ಸು, ಫೋನ್, ಲಸಿಕೆಯ ಬ್ಯಾಚ್ ನಂಬರ್ ಸಾಕು. ಬ್ಯಾಚ್ ನಂಬರ್ ಮರೆಯಬೇಡಿ. ನಾಳೆ ಆ ಬ್ಯಾಚಿನಲ್ಲಿ ದೋಷ ಅಂತ ಬಂದರೆ ಯಾರ್ಯಾರಿಗೆ ಹೋಗಿದೆ ಅಂತ ಹುಡುಕುವ ದಾರಿ ಅದೊಂದೇ.

ಬಳಸಿದ ಸೂಜಿ?

ಸೂಜಿ ಸಮೇತ ಸಿರಿಂಜ್, ಚುಚ್ಚಿದರೂ ತೂತಾಗದ ಬಿಳಿ ಡಬ್ಬಕ್ಕೆ. ರಕ್ತ ಅಂಟಿದ ಹತ್ತಿ ಹಳದಿ ಚೀಲಕ್ಕೆ. ಸೂಜಿಗೆ ಮತ್ತೆ ಮುಚ್ಚಳ ಹಾಕಬೇಡಿ. 2016ರ ನಿಯಮದಂತೆ ಈ ಕಸವನ್ನು 48 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಯಾವ ಆಸ್ಪತ್ರೆಯ ಮೂಲಕ ಹೋಗುತ್ತದೆ ಅಂತ ಮೊದಲೇ ಮಾತಾಡಿ. ನಗರಸಭೆ ಗಾಡಿಗೆ ಕೊಡಬೇಡಿ, ಆ ಗಾಡಿಯವರ ಕೈಗೂ ಸೂಜಿ ಚುಚ್ಚುತ್ತದೆ.

ಮುಗಿದ ಮೇಲೆ ಏನು?

ಅದೇ ಸಂಜೆ, ಕುರ್ಚಿ ಮಡಚುವ ಮೊದಲು, ಎಲ್ಲರೂ 20 ನಿಮಿಷ ಕುಳಿತುಕೊಳ್ಳಿ. ಮೊದಲು ಬಾಗಿಲಲ್ಲಿದ್ದ ಹುಡುಗ ಮಾತಾಡಲಿ, ಕೊನೆಗೆ ವೈದ್ಯರು. ತಿರುವುಮುರುವಾದರೆ ಹುಡುಗ ಬಾಯಿ ಬಿಡುವುದಿಲ್ಲ, ಅವನೇ ಎಲ್ಲ ನೋಡಿರುತ್ತಾನೆ. "ಎಲ್ಲಾ ಚೆನ್ನಾಗಾಯ್ತು" ಅಂತ ಬರೆದ ವರದಿ ನನಗೆ ತೋರಿಸಬೇಡಿ. ಮೂರು ತಪ್ಪು ಬರೆಯಿರಿ, ಪ್ರತಿಯೊಂದರ ಮುಂದೆ ಯಾರು ಸರಿಮಾಡುತ್ತಾರೆ ಅಂತ ಹೆಸರು ಹಾಕಿ. ಮುಂದಿನ ವರ್ಷ ಅದೇ ಕಾಗದ ತೆಗೆದು ಶುರು ಮಾಡಿ.

ಕಾಫಿ, ತಿಂಡಿ ಕೊಡಬೇಕಾ?

ಇದನ್ನು ನಾಚಿಕೊಂಡು ಕೇಳುತ್ತಾರೆ, ಆದರೆ ಒಳ್ಳೆಯ ಪ್ರಶ್ನೆ. ಖಾಲಿ ಹೊಟ್ಟೆಯಲ್ಲಿ ಬಂದವರಿಗೆ ತಲೆಸುತ್ತು ಬೇಗ. ಬಂದವರನ್ನು "ತಿಂಡಿ ಆಯ್ತಾ?" ಅಂತ ಬಾಗಿಲಲ್ಲೇ ಕೇಳಿ, ಒಂದೆರಡು ಬಿಸ್ಕತ್ತು ಕೊಡಿ. ಕಾಫಿ ಮಾತ್ರ ನಿಗಾ ಕೋಣೆಯಲ್ಲಿ ಇಡಿ, ಅದೂ ಕೊನೆಯ ಕುರ್ಚಿಯ ಪಕ್ಕ. ಸೂಜಿ ಆದ ತಕ್ಷಣ "ಮನೇಲಿ ಹಾಲು ಕಾಯಿಸೋಕೆ ಇಟ್ಟಿದ್ದೀನಿ" ಅಂತ ಎದ್ದು ಓಡುವವರನ್ನು 15 ನಿಮಿಷ ಕೂರಿಸಲು ನಾವು ಬೋರ್ಡ್ ಹಾಕಿದೆವು, ಮೈಕಿನಲ್ಲಿ ಕೂಗಿದೆವು, ಆಗಲಿಲ್ಲ. ಫಿಲ್ಟರ್ ಕಾಫಿ ಬರುತ್ತದೆ ಅಂದಮೇಲೆ ಯಾರೂ ಏಳಲಿಲ್ಲ. ಲೋಟ ಸಣ್ಣದಿರಲಿ. ದೊಡ್ಡ ಲೋಟ ಕೊಟ್ಟ ವರ್ಷ ಜನ ಮುಕ್ಕಾಲು ಗಂಟೆ ಎದ್ದೇ ಇಲ್ಲ, ಕುರ್ಚಿ ಸಾಲದೆ ಪಕ್ಕದ ಮನೆಯಿಂದ ತಂದೆವು.